ನ್ಯೂಟ್ರಲ್ ಲೆಕ್ಕ ತಾಳೆ ಆಗ್ತಿಲ್ವಾ? ಕೋನ ನೋಡಿ

ದಾವಣಗೆರೆ ಕಡೆಯ ಒಂದು ಅಂಗಡಿ ಕಾಂಪ್ಲೆಕ್ಸಿನಿಂದ ಬೆಳಿಗ್ಗೆನೇ ಕರೆ ಬಂತು. ಮೆಟ್ಟಿಲ ಕೆಳಗಿನ ಪ್ಯಾನಲ್ ಬೋರ್ಡಿನಲ್ಲಿ ನ್ಯೂಟ್ರಲ್ ವೈರು (ಕರೆಂಟು ವಾಪಸ್ ಹೋಗುವ ವೈರು) ಬಿಸಿಯಾಗುತ್ತಿದೆ, ಒಂಥರಾ ವಾಸನೆ ಬರುತ್ತಿದೆ ಅಂತ. ಡಿಪ್ಲೊಮಾ ಮುಗಿಸಿ ಆರು ತಿಂಗಳಾಗಿದ್ದ ನಮ್ಮ ಹುಡುಗನನ್ನು ಕರೆದುಕೊಂಡು ಹೋದೆ. ಮೂರು ಸಾಲು ಅಂಗಡಿಗಳು, ಒಂದೊಂದು ಸಾಲಿಗೆ ಒಂದೊಂದು ಫೇಸ್: ಆರ್, ವೈ, ಬಿ. ಅವನು ಮೂರೂ ಸಾಲಿಗೆ ಹೋಗುವ ವೈರುಗಳಿಗೆ ಕ್ಲ್ಯಾಂಪ್ ಮೀಟರ್ (ವೈರನ್ನು ಬಾಯೊಳಗೆ ಹಿಡಿದು ಕರೆಂಟು ಅಳೆಯುವ ಮೀಟರ್) ಹಾಕಿ ಬರೆದುಕೊಂಡ. ಆರ್ ಸಾಲು 10 ಆಂಪ್, ವೈ ಸಾಲು 8, ಬಿ ಸಾಲು 6. ಕಂಬದಿಂದ ಬಂದ ನ್ಯೂಟ್ರಲ್ಲಿಗೆ ಹಾಕಿದರೆ 15.8.

ನ್ಯೂಟ್ರಲ್ಲಿನಲ್ಲಿ ಎಷ್ಟು ಇರಬೇಕಿತ್ತು ಅಂತ ಲೆಕ್ಕ ಹಾಕು ಅಂದೆ. ಕ್ಯಾಲ್ಕುಲೇಟರ್ ತೆಗೆದ. ಮೊದಲು 21.4 ಬಂತು. ಪರದೆಯ ಮೂಲೆಯಲ್ಲಿದ್ದ ಒಂದು ಅಕ್ಷರ ತೋರಿಸಿದೆ. ನಾಲಿಗೆ ಕಚ್ಚಿಕೊಂಡು ಮತ್ತೆ ಒತ್ತಿದ. ಈಗ 3.46. ಹಾಳೆ ನೋಡಿದ, ಮೀಟರ್ ನೋಡಿದ. "ಅಣ್ಣಾ, ಮೀಟರ್ ಕೆಟ್ಟಿರಬೇಕು" ಅಂದ.

ಮೀಟರ್ ಕೆಟ್ಟಿರಲಿಲ್ಲ. ಎರಡನೇ ಸಲ ಮಾಡಿದ ಲೆಕ್ಕವೂ ತಪ್ಪಿರಲಿಲ್ಲ. ಆದರೂ ಎರಡಕ್ಕೂ ತಾಳೆ ಇಲ್ಲ. ಆಂಪ್ ಎಷ್ಟು ಅನ್ನುವುದನ್ನು ಮೀಟರ್ ಅಳೆದು ಹೇಳುತ್ತದೆ. ಕೋನವನ್ನು, ಅಂದರೆ ಒಂದು ಫೇಸಿನ ಅಲೆ ಇನ್ನೊಂದಕ್ಕಿಂತ ಎಷ್ಟು ಹಿಂದೆ ಮುಂದೆ ಇದೆ ಅನ್ನುವುದನ್ನು, ಯಾರೂ ಅಳೆಯುವುದಿಲ್ಲ, ಸುಮ್ನೆ ಅಂದುಕೊಳ್ಳುತ್ತೇವೆ. ಆರ್‌ಗೆ 0, ವೈಗೆ −120, ಬಿಗೆ 120 ಅಂತ ಪುಸ್ತಕದಲ್ಲಿ ಇದೆ, ಬರೆದುಬಿಡುತ್ತೇವೆ. ನಾನು ಕಂಡ ತಪ್ಪುಗಳಲ್ಲಿ ಬಹುಪಾಲು ಈ ಅಂದುಕೊಂಡ ಕೋನದೊಳಗೇ ಅಡಗಿದ್ದವು. ಹುಡುಕುವುದು ಹೇಗೆ ಅಂತ ಇದೇ 10, 8, 6 ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಸರಿ ಉತ್ತರ ಕೈಯಲ್ಲಿರಲಿ

ಪೋಲಾರ್ ರೂಪ ಅಂದರೆ ಉದ್ದ ಮತ್ತು ದಿಕ್ಕು. 8∠−120° ಅಂದರೆ 8 ಉದ್ದದ ಬಾಣ, 120 ಡಿಗ್ರಿ ಗಡಿಯಾರದ ಮುಳ್ಳಿನ ಕಡೆಗೆ ತಿರುಗಿದೆ. ಈ ರೂಪದಲ್ಲಿ ಗುಣಾಕಾರ, ಭಾಗಾಕಾರ ಬಲು ಸುಲಭ. ಕೂಡಿಸಲು ಮಾತ್ರ ಇದು ಒಗ್ಗುವುದಿಲ್ಲ. ಬಾಣವನ್ನು ಅಡ್ಡ ಭಾಗ, ಲಂಬ ಭಾಗ ಅಂತ ಒಡೆದು, ಅಡ್ಡಕ್ಕೆ ಅಡ್ಡ, ಲಂಬಕ್ಕೆ ಲಂಬ ಕೂಡಿಸಿ, ಆಮೇಲೆ ಮತ್ತೆ ಬಾಣ ಮಾಡಬೇಕು. ಅಡ್ಡ ಭಾಗಕ್ಕೆ ಉದ್ದ × ಕಾಸ್, ಲಂಬ ಭಾಗಕ್ಕೆ ಉದ್ದ × ಸೈನ್.

ಆರ್, 10∠0°: ಅಡ್ಡ 10, ಲಂಬ 0
ವೈ, 8∠−120°: ಅಡ್ಡ −4, ಲಂಬ −6.93
ಬಿ, 6∠120°: ಅಡ್ಡ −3, ಲಂಬ 5.20
ಒಟ್ಟು: ಅಡ್ಡ 3, ಲಂಬ −1.73

ಉದ್ದ √(9 + 3), ಅಂದರೆ 3.46. ಕೋನ −30 ಡಿಗ್ರಿ.

ನಂಬಿಕೆ ಬರದಿದ್ದರೆ ಗ್ರಾಫ್ ಹಾಳೆ ತಗೊಳ್ಳಿ. ಒಂದು ಆಂಪಿಗೆ ಒಂದು ಸೆಂಟಿಮೀಟರ್. ಬಲಕ್ಕೆ 10 ಸೆಂಟಿಮೀಟರ್ ಗೆರೆ ಎಳೆಯಿರಿ. ಅದರ ತುದಿಯಿಂದ ಎಡಕ್ಕೆ ಕೆಳಗೆ 8. ಅದರ ತುದಿಯಿಂದ ಎಡಕ್ಕೆ ಮೇಲೆ 6. ಪೆನ್ಸಿಲ್ ಹೊರಟ ಜಾಗದ ಹತ್ತಿರಕ್ಕೇ ವಾಪಸ್ ಬಂದಿರುತ್ತದೆ. ಮಧ್ಯೆ ಉಳಿದ ಬಿರುಕು ಅಳೆದರೆ ಮೂರೂವರೆ ಸೆಂಟಿಮೀಟರ್. ಮೂರು ಗೆರೆಯ ಈ ಚಿತ್ರ ಬಿಡಿಸದೆ ಕ್ಯಾಲ್ಕುಲೇಟರ್ ಮುಟ್ಟಬಾರದು ಅಂತ ನಾನು ಹುಡುಗರಿಗೆ ಹೇಳುತ್ತಿರುತ್ತೇನೆ. ಚಿತ್ರ ಇದ್ದಿದ್ದರೆ 21.4 ಬಂದ ಕೂಡಲೇ ಎಲ್ಲೋ ಎಡವಟ್ಟಾಗಿದೆ ಅಂತ ಗೊತ್ತಾಗುತ್ತಿತ್ತು.

ಇನ್ನೊಂದು ಅಡ್ಡದಾರಿ ಇದೆ. ಮೂರೂ ಫೇಸಿನ ನಡುವೆ ಸರಿಯಾಗಿ 120 ಡಿಗ್ರಿ ಇದ್ದರೆ, ಮೂರು ಸಂಖ್ಯೆಗಳ ವರ್ಗ ಕೂಡಿಸಿ, ಎರಡೆರಡರ ಗುಣಲಬ್ಧಗಳನ್ನು ಕಳೆದು, ವರ್ಗಮೂಲ ತೆಗೆದರೆ ಸಾಕು. 100 + 64 + 36 ಅಂದರೆ 200. ಅದರಿಂದ 80, 48, 60 ಕಳೆದರೆ 12. ವರ್ಗಮೂಲ 3.46. ಕೋನವೇ ಬೇಡ. ತಾಳೆ ನೋಡಲು ಇದು ಬಹಳ ಅನುಕೂಲ. ಆದರೆ ಆ ‘120 ಇದ್ದರೆ’ ಅನ್ನುವ ಷರತ್ತು ಮರೆಯಬೇಡಿ, ಕೊನೆಗೆ ಅದೇ ಕೈ ಕೊಡುವುದು.

ಬಂದ ತಪ್ಪು ಉತ್ತರ ಯಾವುದು?

ತಪ್ಪು ಉತ್ತರವನ್ನು ಒರೆಸಿ ಹಾಕಬೇಡಿ. ಏನು ತಪ್ಪಾಗಿದೆ ಅಂತ ಅದೇ ಹೇಳುತ್ತದೆ. ಇದೇ ಮೂರು ಸಂಖ್ಯೆಗೆ ನನ್ನ ಕಣ್ಣಿಗೆ ಬಿದ್ದ ತಪ್ಪು ಉತ್ತರಗಳು ಇವು.

24 ಬಂದಿದ್ದರೆ ಕೋನ ಬಿಟ್ಟು ಬರೀ ಉದ್ದ ಕೂಡಿಸಿದ್ದೀರಿ. ಕೆಲವರು ಕೋನಗಳನ್ನೂ ಬೇರೆಯಾಗಿ ಕೂಡಿಸಿ 24∠0° ಅಂತ ಬರೆಯುತ್ತಾರೆ. ಗುಣಿಸುವಾಗ ಕೋನ ಕೂಡಿಸಿದ ಅಭ್ಯಾಸ ಇಲ್ಲಿಗೂ ಬಂದಿರುತ್ತದೆ.

21.4 ಬಂದಿದ್ದರೆ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆ. 120 ರೇಡಿಯನ್ ಅಂದರೆ ಹತ್ತೊಂಬತ್ತು ಸುತ್ತು ಸುತ್ತಿ ಸುಮಾರು 35 ಡಿಗ್ರಿಗೆ ಬಂದು ನಿಂತ ಹಾಗೆ. ಮೂರೂ ಬಾಣಗಳು ಒಂದೇ ಕಡೆಗೆ ವಾಲುತ್ತವೆ, ಮೊತ್ತ ದೊಡ್ಡದಾಗುತ್ತದೆ.

5.98 ಬಂದಿದ್ದರೆ ಅದು ಗ್ರೇಡಿಯನ್. ಇದು ಜಾಸ್ತಿ ಅಪಾಯದ್ದು, ಏಕೆಂದರೆ 5.98 ನೋಡಲು ಸಭ್ಯವಾಗಿದೆ. ಯಾರಿಗೂ ಅನುಮಾನ ಬರುವುದಿಲ್ಲ. ಗ್ರೇಡಿಯನ್‌ನಲ್ಲಿ ಪೂರ್ತಿ ಸುತ್ತಿಗೆ 400, ಹಾಗಾಗಿ 120 ಅಂದರೆ ನಮ್ಮ 108 ಡಿಗ್ರಿ. ಬೇಕು ಅಂತ ಆ ಮೋಡ್ ಹಾಕಿಕೊಂಡವರನ್ನು ನಾನು ಇನ್ನೂ ಕಂಡಿಲ್ಲ. ಮೋಡ್ ಬದಲಾಯಿಸುವಾಗ ಬೆರಳು ಜಾರಿ ಬಂದಿರುತ್ತದೆ.

ಪರದೆಯ ಮೇಲ್ಭಾಗದಲ್ಲಿ ಡಿ, ಆರ್, ಜಿ ಅನ್ನುವ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಚಿಕ್ಕದಾಗಿ ಇರುತ್ತದೆ. ನಾನು ಹುಡುಗನಿಗೆ ತೋರಿಸಿದ್ದು ಅದನ್ನೇ. ಕಣ್ಣು ಕಾಣದಿದ್ದರೆ ಸೈನ್ 30 ಒತ್ತಿ. 0.5 ಅಥವಾ 1/2 ಬಂದರೆ ಡಿಗ್ರಿ. ಬೇರೆ ಏನು ಬಂದರೂ ಮೋಡ್ ಸರಿಪಡಿಸಿ. ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಪ್ಲಸ್‌ನಲ್ಲಿ ಶಿಫ್ಟ್, ಮೋಡ್, 3. ಹಳೆಯ ಎಫ್‌ಎಕ್ಸ್-82ಎಂಎಸ್‌ನಲ್ಲಿ ಮೋಡ್ ಎರಡು ಸಲ ಒತ್ತಿ 1.

991 ಇದ್ದವರು ಒಡೆದು ಕೂಡಿಸುವ ಕಷ್ಟವನ್ನೇ ತಪ್ಪಿಸಿಕೊಳ್ಳಬಹುದು. ಮೋಡ್ 2 ಹಾಕಿದರೆ ಕಾಂಪ್ಲೆಕ್ಸ್ ಮೋಡ್ ಬರುತ್ತದೆ. (ಅಂಗಡಿ ಕಾಂಪ್ಲೆಕ್ಸ್ ಅಲ್ಲ!) ಅಲ್ಲಿ ಶಿಫ್ಟ್ ಜೊತೆ ಋಣ ಚಿಹ್ನೆಯ ಗುಂಡಿ ಒತ್ತಿದರೆ ∠ ಬರುತ್ತದೆ. ಮೂರನ್ನೂ ಹಾಗೇ ಬರೆದು, ಕೊನೆಗೆ ಶಿಫ್ಟ್, 2, 3 ಒತ್ತಿ ಸಮ ಚಿಹ್ನೆ ಒತ್ತಿದರೆ ಉತ್ತರವೂ ಪೋಲಾರ್‌ನಲ್ಲೇ ಸಿಗುತ್ತದೆ. ಆದರೂ ಡಿಗ್ರಿ ಮೋಡ್ ಇಲ್ಲದಿದ್ದರೆ ಇಲ್ಲೂ ಅದೇ 21.4. ವಿದ್ಯುತ್ತಿಗೆ ಈ ಕಾಂಪ್ಲೆಕ್ಸ್ ಸಂಖ್ಯೆಗಳನ್ನು ಒಗ್ಗಿಸಿಕೊಟ್ಟವರು ಸ್ಟೈನ್‌ಮೆಟ್ಜ್. 1893ರಲ್ಲಿ ಶಿಕಾಗೋದ ಸಮ್ಮೇಳನದಲ್ಲಿ ಮಂಡಿಸಿದರು. ಅಲ್ಲಿಯವರೆಗೆ ಎಸಿ ಸರ್ಕ್ಯೂಟಿನ ಲೆಕ್ಕ ಅಂದರೆ ಪುಟಗಟ್ಟಲೆ ಕ್ಯಾಲ್ಕುಲಸ್. ನಾವು ನಾಲ್ಕು ಗುಂಡಿ ಒತ್ತಲು ಬೇಜಾರು ಮಾಡಿಕೊಳ್ಳುತ್ತೇವೆ.

ಉದ್ದ ಸರಿ, ಕೋನ ಮಾತ್ರ ಎಲ್ಲೋ ಇದೆ

ಆರ್ 4, ವೈ 10, ಬಿ 8 ಅಂತ ಇಟ್ಟುಕೊಳ್ಳಿ. ಅಡ್ಡ ಭಾಗ 4 − 5 − 4, ಅಂದರೆ −5. ಲಂಬ ಭಾಗ −1.73. ಉದ್ದ 5.29, ಸರಿ. ಕೋನಕ್ಕೆ ಟ್ಯಾನ್ ಇನ್ವರ್ಸ್ ಒತ್ತಿದರೆ 19.1 ಡಿಗ್ರಿ. ಅದು ತಪ್ಪು. ಅಡ್ಡವೂ ಋಣ, ಲಂಬವೂ ಋಣ, ಬಾಣ ಎಡಕ್ಕೆ ಕೆಳಗೆ ಇರಬೇಕು. 19.1 ಅಂದರೆ ಬಲಕ್ಕೆ ಮೇಲೆ. ಭಾಗಿಸುವಾಗ ಎರಡು ಋಣಗಳು ಒಂದನ್ನೊಂದು ತಿಂದುಹಾಕಿವೆ, ಕ್ಯಾಲ್ಕುಲೇಟರಿಗೆ ಅದು ಗೊತ್ತೇ ಆಗಿಲ್ಲ. ಸರಿಯಾದ ಕೋನ −160.9.

ನೆನಪಿಡಬೇಕಾದ್ದು ಇಷ್ಟೇ. ಅಡ್ಡ ಭಾಗ ಋಣ ಇದ್ದರೆ ಟ್ಯಾನ್ ಇನ್ವರ್ಸ್ ಕೊಟ್ಟ ಕೋನಕ್ಕೆ 180 ಕೂಡಿಸಿ ಅಥವಾ ಕಳೆಯಿರಿ. ಧನ ಇದ್ದರೆ ಹಾಗೇ ಬಿಡಿ. ಅಡ್ಡ, ಲಂಬ ಕೊಟ್ಟರೆ ಉದ್ದ, ಕೋನ ಹೇಳುವ ಕ್ಯಾಲ್ಕುಲೇಟರಿನ ಪೋಲ್ (Pol) ಗುಂಡಿ ಬಳಸಿದರೆ ಈ ರಗಳೆಯೇ ಇಲ್ಲ, ಅದಕ್ಕೆ ಎರಡು ಚಿಹ್ನೆಯನ್ನೂ ಬೇರೆ ಬೇರೆಯಾಗಿ ಕೊಟ್ಟಿರುತ್ತೇವೆ. 82ಎಂಎಸ್‌ನಲ್ಲಿ ಉದ್ದ ಮಾತ್ರ ಪರದೆಗೆ ಬರುತ್ತದೆ, ಕೋನ ಎಫ್ ಅನ್ನುವ ಮೆಮೊರಿಯಲ್ಲಿ ಕೂತಿರುತ್ತದೆ. ಆರ್‌ಸಿಎಲ್ ಒತ್ತಿ ಟ್ಯಾನ್ ಗುಂಡಿ ಒತ್ತಿದರೆ ಹೊರಗೆ ಬರುತ್ತದೆ. ಪೋಲ್ ಒಂದೇ ಉತ್ತರ ಕೊಡುತ್ತೆ ಅಂತ ಬೈಯುವವರು ಇದನ್ನು ನೋಡಿರುವುದಿಲ್ಲ.

ಎಕ್ಸೆಲ್‌ನಲ್ಲಿ ಮಾಡುವವರಿಗೆ ಎರಡು ಹಳ್ಳ ತೋಡಿಟ್ಟಿದ್ದಾರೆ. ಒಂದು, ಅದರ ಸೈನ್, ಕಾಸ್ ಎಲ್ಲ ಯಾವಾಗಲೂ ರೇಡಿಯನ್. ಡಿಗ್ರಿಯನ್ನು ರೇಡಿಯನ್ಸ್ ಅನ್ನುವ ಫಂಕ್ಷನ್ನಿನೊಳಗೆ ಹಾಕದೆ ಬರೆದರೆ ಮತ್ತೆ ಅದೇ 21.4. ಇನ್ನೊಂದು ಎಟ್ಯಾನ್2, ಅಡ್ಡ, ಲಂಬ ಎರಡೂ ಕೊಟ್ಟರೆ ಕೋನ ಹೇಳುವ ಫಂಕ್ಷನ್. ಪೈಥಾನ್, ಸಿ ಇಂಥ ಭಾಷೆಗಳಲ್ಲಿ ಲಂಬ ಮೊದಲು, ಅಡ್ಡ ಆಮೇಲೆ. ಎಕ್ಸೆಲ್‌ನಲ್ಲಿ ಉಲ್ಟಾ, ಅಡ್ಡ ಮೊದಲು. ಅಲ್ಲಿಯ ಅಭ್ಯಾಸದಲ್ಲಿ ಇಲ್ಲಿ ಬರೆದರೆ ನಮ್ಮ ಮೊದಲ ಲೆಕ್ಕದ −30 ಡಿಗ್ರಿ ಬರುವ ಕಡೆ 120 ಬರುತ್ತದೆ. ಗುರುತು ಹಿಡಿಯುವುದು ಸುಲಭ: ಬಂದ ಕೋನವನ್ನು 90ರಿಂದ ಕಳೆದು ನೋಡಿ. ಗ್ರಾಫ್ ಹಾಳೆಯ ಕೋನ ಸಿಕ್ಕರೆ ಅದಲು ಬದಲು ಆಗಿದೆ ಅಂತ ಅರ್ಥ.

ಕಳೆಯುವಾಗ ಯಾವುದನ್ನು ತಿರುಗಿಸಿದಿರಿ?

ಆರ್ ಮತ್ತು ವೈ ನಡುವೆ ಎಷ್ಟು ವೋಲ್ಟ್? ಮೀಟರ್ ಇಟ್ಟರೆ ಸುಮಾರು 400. ಲೆಕ್ಕದಲ್ಲಿ 230∠0° ಇಂದ 230∠−120° ಕಳೆಯಬೇಕು. ಬಾಣ ಕಳೆಯುವುದು ಅಂದರೆ ಅದನ್ನು ಹಿಂದುಮುಂದು ಮಾಡಿ ಕೂಡಿಸುವುದು. ಹಿಂದುಮುಂದು ಅಂದರೆ ಕೋನಕ್ಕೆ 180 ಸೇರಿಸುವುದು, −120 ಹೋಗಿ 60 ಆಗುವುದು. ಹಾಗೆ ಮಾಡಿದರೆ 398∠30° ಬರುತ್ತದೆ.

ಹುಡುಗರು ಏನು ಮಾಡುತ್ತಾರೆ ಅಂದರೆ ಕೋನದ ಚಿಹ್ನೆ ಮಾತ್ರ ಬದಲಾಯಿಸುತ್ತಾರೆ. −120 ಇದ್ದದ್ದನ್ನು 120 ಅಂತ ಬರೆದು ಕೂಡಿಸುತ್ತಾರೆ. ಉತ್ತರ 230∠60°. ಲೈನ್ ವೋಲ್ಟೇಜ್ 230 ಬಂದರೆ ಇದೇ ತಪ್ಪು, ಬೇರೆ ಹುಡುಕುವುದೇ ಬೇಡ. ಸೊನ್ನೆ ಬಂದರೆ ಬರೀ 230ರಿಂದ 230 ಕಳೆದಿದ್ದಾರೆ.

ಈ ಸೊನ್ನೆ ಅನ್ನುವ ಉತ್ತರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಹಾಳೆ ಮೇಲೆ ಅದು ತಪ್ಪು. ಪ್ಯಾನಲ್ಲಿನಲ್ಲಿ ಮೀಟರೇ ಸೊನ್ನೆ ತೋರಿಸಿದರೆ ಅದು ಸುಳಿವು.

ಸೈನ್ ಮತ್ತು ಕಾಸ್ ಬೆರೆಸುವ ತಪ್ಪು ಪರೀಕ್ಷೆಗಳಲ್ಲಿ ಜಾಸ್ತಿ. ಒಂದು ಕರೆಂಟು 10 ಸೈನ್ ರೂಪದಲ್ಲಿ, ಇನ್ನೊಂದು 10 ಕಾಸ್ ರೂಪದಲ್ಲಿ ಕೊಟ್ಟಿರುತ್ತಾರೆ. ಎರಡಕ್ಕೂ 10∠0° ಬರೆದರೆ 20. ಅವುಗಳ ನಡುವೆ 90 ಡಿಗ್ರಿ ಅಂತರ ಇದೆ, ಸರಿ ಉತ್ತರ 14.14. ಒಂದು ಸಂಖ್ಯೆ ಪೀಕ್ (ಅಲೆಯ ತುದಿಯ ಎತ್ತರ), ಇನ್ನೊಂದು ಆರ್‌ಎಂಎಸ್ (ಮೀಟರ್ ತೋರಿಸುವ ಪರಿಣಾಮಕಾರಿ ಬೆಲೆ) ಆಗಿದ್ದರೂ ಇಂಥದ್ದೇ ಗೋಳು. ಕೂಡಿಸುವ ಮುಂಚೆ ಎಲ್ಲವನ್ನೂ ಒಂದೇ ಅಳತೆಗೆ ತನ್ನಿ, ಅಷ್ಟೇ.

ಲೆಕ್ಕ ಸರಿ ಇದೆ, ಮೀಟರ್ ಒಪ್ಪುತ್ತಿಲ್ಲ

ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಕ್ಯಾಲ್ಕುಲೇಟರ್ ಮೇಲೆ ಅನುಮಾನ ಇಲ್ಲ, ಮೀಟರ್ ಮೇಲೂ ಇಲ್ಲ. ಹಾಗಾದರೆ ನಾವು ಕೊಟ್ಟ ಕೋನವೇ ನಿಜವಲ್ಲ.

ಚಿಕ್ಕ ಉದಾಹರಣೆ, ಚೋಕ್ ಇರುವ ಹಳೆ ಟ್ಯೂಬ್‌ಲೈಟ್. ಉರಿಯುತ್ತಿರುವಾಗ ಟ್ಯೂಬಿನ ಎರಡು ತುದಿಗೆ ಮೀಟರ್ ಇಟ್ಟರೆ ಸುಮಾರು 105 ವೋಲ್ಟ್. ಚೋಕಿಗೆ ಇಟ್ಟರೆ 190 ಹತ್ತಿರ. ಎರಡೂ ಸೀರೀಸ್‌ನಲ್ಲಿವೆ, ಕೂಡಿದರೆ 295. ಆದರೆ ಮೇನ್ಸ್ 230. ಲ್ಯಾಬಿನಲ್ಲಿ ಇದನ್ನು ಮೊದಲ ಸಲ ನೋಡಿದವರು ಮೀಟರಿನ ಸೆಲ್ ಬದಲಾಯಿಸಿಕೊಂಡು ಬರುತ್ತಾರೆ.

ಟ್ಯೂಬಿನ ವೋಲ್ಟೇಜು ಕರೆಂಟಿನ ಜೊತೆಗೇ ಹೋಗುತ್ತದೆ, ಚೋಕಿನದು ಮುಂದೆ ಓಡುತ್ತದೆ. ಎಷ್ಟು ಮುಂದೆ? ಪುಸ್ತಕ 90 ಡಿಗ್ರಿ ಅನ್ನುತ್ತದೆ. 90 ಹಾಕಿದರೆ 217 ವೋಲ್ಟ್ ಬರುತ್ತದೆ, 13 ವೋಲ್ಟ್ ಕಡಿಮೆ. ಏಕೆಂದರೆ ಚೋಕು ಬರೀ ಇಂಡಕ್ಟರ್ (ಶುದ್ಧ ಸುರುಳಿ) ಅಲ್ಲ. ಒಳಗೆ ತಾಮ್ರದ ವೈರಿನ ರೆಸಿಸ್ಟೆನ್ಸ್ ಇದೆ, ಕಬ್ಬಿಣ ಬಿಸಿಯಾಗುತ್ತದೆ. ಮುಟ್ಟಿ ನೋಡಿದವರಿಗೆ ಗೊತ್ತು. 82 ಡಿಗ್ರಿ ಹಾಕಿದರೆ 229.5. ತಾಳೆ ಆಯಿತು.

82 ಎಲ್ಲಿಂದ ಬಂತು? ಊಹೆ ಅಲ್ಲ. ಮೂರು ವೋಲ್ಟೇಜ್ ಅಳೆದಿದ್ದೇವೆ: 105, 190, 230. ತ್ರಿಕೋನದ ಮೂರು ಬಾಹು ಗೊತ್ತಿದ್ದರೆ ಕೋನ ತಾನಾಗಿ ಸಿಗುತ್ತದೆ. 230ರ ವರ್ಗದಿಂದ ಉಳಿದೆರಡರ ವರ್ಗ ಕಳೆಯಿರಿ, 5775. ಅದನ್ನು 2 × 105 × 190ರಿಂದ ಭಾಗಿಸಿ, 0.145. ಕಾಸ್ ಇನ್ವರ್ಸ್ 81.7. ಬರೀ ವೋಲ್ಟ್ ತೋರಿಸುವ ಮೀಟರಿನಿಂದ ಕೋನ ಅಳೆದಂತಾಯಿತು. (ಟ್ಯೂಬಿನ ವೋಲ್ಟೇಜಿನ ಅಲೆ ಪೂರ್ತಿ ಸೈನ್ ಆಕಾರದಲ್ಲಿ ಇರುವುದಿಲ್ಲ, ಹಾಗಾಗಿ ಒಂದೆರಡು ಡಿಗ್ರಿ ಹೆಚ್ಚುಕಡಿಮೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.) ಈ ಉಪಾಯ ಮುಂದೆ ಬೇಕಾಗುತ್ತದೆ.

ಮೂರು ಫೇಸಿನಲ್ಲಿ ಇದೇ ತಪ್ಪು ಪವರ್ ಫ್ಯಾಕ್ಟರ್ (ವೋಲ್ಟೇಜು, ಕರೆಂಟುಗಳ ನಡುವಿನ ಕೋನದ ಕಾಸ್) ವೇಷದಲ್ಲಿ ಬರುತ್ತದೆ. 0, −120, 120 ಅನ್ನುವುದು ವೋಲ್ಟೇಜಿನ ಕೋನಗಳು. ಕರೆಂಟಿನದು ಬೇರೆ ಇರಬಹುದು. ವೈ ಸಾಲಿನಲ್ಲಿ ಮೋಟಾರು ಇದೆ, ಪವರ್ ಫ್ಯಾಕ್ಟರ್ 0.8 ಲ್ಯಾಗ್ (ಕರೆಂಟು ವೋಲ್ಟೇಜಿಗಿಂತ ಹಿಂದೆ) ಅಂತಿಟ್ಟುಕೊಳ್ಳಿ. ಆಗ 8 ಆಂಪಿನ ಕೋನ −120 ಅಲ್ಲ, ಇನ್ನೂ 36.9 (0.8ರ ಕಾಸ್ ಇನ್ವರ್ಸ್) ಹಿಂದೆ, −156.9. ಉಳಿದೆರಡು ಹಾಗೇ ಇದ್ದರೆ ನ್ಯೂಟ್ರಲ್ 3.46ರಿಂದ 2.08ಕ್ಕೆ ಇಳಿಯುತ್ತದೆ. ಲ್ಯಾಗ್ ಅನ್ನುವುದನ್ನು ಮರೆತು ಚಿಹ್ನೆ ಉಲ್ಟಾ ಹಾಕಿದರೆ 8.42. ಒಂದೇ ಚಿಹ್ನೆ, ನಾಲ್ಕು ಪಟ್ಟು ವ್ಯತ್ಯಾಸ. ಲ್ಯಾಗ್ ಅಂದರೆ ಕೋನದಿಂದ ಕಳೆಯಬೇಕು, ಇದನ್ನು ಬಾಯಿಪಾಠ ಮಾಡಿಬಿಡಿ.

ಇನ್ನು ಹಾರ್ಮೋನಿಕ್. ಬಾಣದ ಲೆಕ್ಕ ನಡೆಯುವುದು ಎಲ್ಲವೂ ಒಂದೇ ಫ್ರೀಕ್ವೆನ್ಸಿಯಲ್ಲಿ ತಿರುಗುತ್ತಿದ್ದಾಗ ಮಾತ್ರ. ಎಲ್‌ಇಡಿ, ಕಂಪ್ಯೂಟರ್, ಚಾರ್ಜರ್ ಇವು 50 ಹರ್ಟ್ಸ್ ಜೊತೆಗೆ 150 ಹರ್ಟ್ಸ್ ಕರೆಂಟನ್ನೂ ಎಳೆಯುತ್ತವೆ. ಅದಕ್ಕೆ ಮೂರನೇ ಹಾರ್ಮೋನಿಕ್ ಅನ್ನುತ್ತಾರೆ. 120ರ ಮೂರು ಪಟ್ಟು 360 ಅಲ್ವಾ? ಹಾಗಾಗಿ ಮೂರು ಫೇಸಿನ ಈ ಕರೆಂಟುಗಳ ನಡುವೆ ಅಂತರವೇ ಉಳಿಯುವುದಿಲ್ಲ. ಒಂದನ್ನೊಂದು ಹೊಡೆದುಹಾಕುವ ಬದಲು ನ್ಯೂಟ್ರಲ್ಲಿನಲ್ಲಿ ಸೀದಾ ಕೂಡುತ್ತವೆ. ಮೂರೂ ಫೇಸು ಸಮ ಇದ್ದರೂ ನ್ಯೂಟ್ರಲ್ ಬಿಸಿಯಾಗಬಹುದು. ಇದನ್ನು ಅಳೆಯಲು ಟ್ರೂ ಆರ್‌ಎಂಎಸ್ ಅಂತ ಬರೆದಿರುವ ಕ್ಲ್ಯಾಂಪ್ ಮೀಟರೇ ಬೇಕು, ಸಾದಾ ಮೀಟರ್ ಸುಳ್ಳು ಹೇಳುತ್ತದೆ. 50 ಹರ್ಟ್ಸಿನ ಕರೆಂಟು, 150 ಹರ್ಟ್ಸಿನ ಕರೆಂಟು ಎರಡನ್ನು ಸೇರಿಸಬೇಕಾದರೆ ಕೋನ ಬೇಡ. ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ.

ಕ್ಲ್ಯಾಂಪಿನ ಬಾಯೊಳಗೇ ಕೂಡಿಸುವುದು

ಕ್ಲ್ಯಾಂಪ್ ಮೀಟರಿನ ಬಾಯೊಳಗೆ ಎರಡು ವೈರು ಒಟ್ಟಿಗೆ ಹಾಕಿದರೆ ಅದು ಏನು ತೋರಿಸುತ್ತದೆ? ಎರಡರ ಬಾಣದ ಮೊತ್ತ. ಮೂರು ಫೇಸ್ ಹಾಕಿದರೆ ನ್ಯೂಟ್ರಲ್ಲಿನಷ್ಟೇ ತೋರಿಸಬೇಕು. ನಾಲ್ಕೂ ಹಾಕಿದರೆ ಸೊನ್ನೆ ಬರಬೇಕು, ಬರದಿದ್ದರೆ ಎಲ್ಲೋ ಭೂಮಿಗೆ ಸೋರುತ್ತಿದೆ. ಮನೆಯ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟು ಕಡಿಯುವ ಸ್ವಿಚ್) ಒಳಗೆ ನಡೆಯುವುದೂ ಇದೇ. ಹೋದದ್ದು, ಬಂದದ್ದು ಕೂಡಿ ಸೊನ್ನೆ ಆಗದೆ 30 ಮಿಲಿಆಂಪಿನಷ್ಟು ಉಳಿದರೆ ಅದು ಬೀಳುತ್ತದೆ.

ನೆನಪಿರಲಿ, ವೈರುಗಳು ಬಾಯೊಳಗೆ ಒಂದೇ ದಿಕ್ಕಿನಲ್ಲಿ ಹೋಗಿರಬೇಕು. ಒಂದು ಉಲ್ಟಾ ಬಂದರೆ ಮೊತ್ತದ ಬದಲು ವ್ಯತ್ಯಾಸ ಸಿಗುತ್ತದೆ.

ಈಗ ಅಂಗಡಿ ಕಾಂಪ್ಲೆಕ್ಸಿಗೆ ವಾಪಸ್. ಹುಡುಗನಿಗೆ ಹೇಳಿದೆ, "ಆರ್ ಸಾಲಿನ ವೈರು, ವೈ ಸಾಲಿನ ವೈರು ಎರಡನ್ನೂ ಒಟ್ಟಿಗೆ ಹಿಡಿ. ಅದಕ್ಕೂ ಮುಂಚೆ ಎಷ್ಟು ಬರಬೇಕು ಅಂತ ಹೇಳು."

ಹಾಳೆಯಲ್ಲಿ ಬರೆದ. 100 + 64 − 80, ಅಂದರೆ 84. "9.2 ಬರಬೇಕಣ್ಣಾ."

ಕ್ಲ್ಯಾಂಪ್ ಹಾಕಿದ. 17.9.

10ಕ್ಕೆ 8 ಸೇರಿ 18 ಆಗುವುದು ಒಂದೇ ಸಂದರ್ಭದಲ್ಲಿ. ಎರಡು ಬಾಣವೂ ಒಂದೇ ಕಡೆ ನೋಡುತ್ತಿರಬೇಕು. ಅಂದರೆ ನಡುವೆ 120 ಡಿಗ್ರಿ ಇಲ್ಲ, ಸೊನ್ನೆ ಇದೆ. ಖಾತ್ರಿಗೆ ಮೀಟರನ್ನು ವೋಲ್ಟಿಗೆ ತಿರುಗಿಸಿ ಆ ಎರಡು ಸಾಲಿನ ಫೇಸುಗಳ ನಡುವೆ ಇಡಿಸಿದೆ. 400 ಬರಬೇಕಾದ ಕಡೆ ಸೊನ್ನೆ.

ಹುಡುಗ −120 ಅನ್ನು ಹೊಡೆದುಹಾಕಿ 0 ಬರೆದ. 18∠0°, 6∠120°. ಅಡ್ಡ 15, ಲಂಬ 5.20. ಉದ್ದ 15.87. ಮೀಟರ್ ಮೊದಲೇ ಹೇಳಿದ್ದು 15.8.

ಕಾರಣ ಬೋರ್ಡಿನ ಪಕ್ಕದಲ್ಲೇ ಇತ್ತು. ಫೇಸ್ ಬದಲಾಯಿಸುವ ತಿರುಗುಣಿ. ಹಿಂದಿನ ರಾತ್ರಿ ಕಂಬದಲ್ಲಿ ವೈ ಫ್ಯೂಸು ಹೋಗಿತ್ತಂತೆ. ಯಾರೋ ಅಂಗಡಿಯವರು ವೈ ಸಾಲನ್ನು ಆರ್‌ಗೆ ತಿರುಗಿಸಿ ದೀಪ ಹಚ್ಚಿಕೊಂಡಿದ್ದರು. ಬೆಳಿಗ್ಗೆ ಲೈನ್‌ಮನ್ ಫ್ಯೂಸು ಹಾಕಿಹೋದ ಮೇಲೂ ಯಾರೂ ವಾಪಸ್ ತಿರುಗಿಸಿರಲಿಲ್ಲ. ಬೋರ್ಡಿನ ಮೇಲೆ ‘ವೈ’ ಅಂತ ಬಣ್ಣದಲ್ಲಿ ಬರೆದಿತ್ತು, ಹುಡುಗ ಅದನ್ನೇ ನಂಬಿ −120 ಬರೆದಿದ್ದ. ತಿರುಗುಣಿಯ ಮುಂಚಿನ ವೈರುಗಳಿಗೆ ಕ್ಲ್ಯಾಂಪ್ ಹಾಕಿದ್ದರೆ ಆರ್ 18, ವೈ 0, ಬಿ 6 ಅಂತ ಮೊದಲೇ ಕಾಣುತ್ತಿತ್ತು. ಹಾಗಾಗಿ ನ್ಯೂಟ್ರಲ್ ಎಲ್ಲಿ ಅಳೆಯುತ್ತೀರೋ, ಫೇಸನ್ನೂ ಅದೇ ಜಾಗದಲ್ಲಿ ಅಳೆಯಿರಿ.

ನ್ಯೂಟ್ರಲ್ಲಿನ ಲಗ್ (ವೈರಿನ ತುದಿಗೆ ಹಾಕುವ ಲೋಹದ ಕೊಂಡಿ) ಸಡಿಲವಾಗಿತ್ತು, ವಾಸನೆ ಬಂದದ್ದು ಅದರಿಂದ. ಅದನ್ನು ಮುಟ್ಟುವ ಮುಂಚೆ ಮೇನ್ ಆಫ್ ಮಾಡಿಸಿದೆ. ಚಾಲೂ ಇರುವಾಗ ಕಂಬದ ನ್ಯೂಟ್ರಲ್ ಬಿಚ್ಚಿದರೆ ಕಡಿಮೆ ಲೋಡ್ ಇರುವ ಸಾಲಿಗೆ 230ರ ಬದಲು 400ರ ಹತ್ತಿರ ಹೋಗಬಹುದು, ಟಿವಿ, ಫ್ರಿಜ್ ಎಲ್ಲ ಸುಟ್ಟುಹೋಗುತ್ತವೆ. ಲಗ್ ಬದಲಿಸಿ, ಬಿಗಿ ಮಾಡಿ, ತಿರುಗುಣಿಯನ್ನು ವೈಗೆ ತಿರುಗಿಸಿ ಮೇನ್ ಹಾಕಿದೆವು. ಮೂರು ಸಾಲೂ ಮತ್ತೆ 10, 8, 6 ಹತ್ತಿರಕ್ಕೆ ಬಂದ ಮೇಲೆ ನ್ಯೂಟ್ರಲ್ಲಿಗೆ ಕ್ಲ್ಯಾಂಪ್ ಹಾಕಿದರೆ 4.1.

"3.46 ಅಲ್ವೇನೋ ನೀನು ಹೇಳಿದ್ದು?" ಅಂದೆ.

ಹುಡುಗ ಈ ಸಲ ಮೀಟರನ್ನು ಬೈಯಲಿಲ್ಲ. 4.1ರ ವರ್ಗದಿಂದ 12 ಕಳೆದ, ವರ್ಗಮೂಲ ತೆಗೆದ, 2.2 ಬರೆದ. ಆಮೇಲೆ ಎದುರಿನ ಮೊಬೈಲ್ ಅಂಗಡಿಯ ಗೋಡೆ ತುಂಬ ಹೊಳೆಯುತ್ತಿದ್ದ ಎಲ್‌ಇಡಿ ಪಟ್ಟಿಗಳ ಕಡೆಗೆ ಪೆನ್ನು ತೋರಿಸಿದ.